ಗೃಹತಾಪನ ಬಾಯ್ಲರಿಗೆ ಪಂಪಿನ ಆಯ್ಕೆ ಮತ್ತು ವಲಯಗಳ ವಿಭಜನೆ

ಬ್ರಿಟನ್, ಜರ್ಮನಿ, ಅಮೆರಿಕ ಸಂಯುಕ್ತ ಸಂಸ್ಥಾನಗಳ ಉತ್ತರಭಾಗ ಮೊದಲಾದ ಶೀತಪ್ರದೇಶಗಳಲ್ಲಿ ಚಳಿಗಾಲದ ಗೃಹತಾಪನವು ಕೇವಲ ಸೌಖ್ಯದ ವಿಷಯವಲ್ಲ. ಅದು ಆರೋಗ್ಯದ ವಿಷಯ. ಶೀತಕಾಲದಲ್ಲಿ ಮನೆಯೊಳಗಿನ ಉಷ್ಣತೆಯು ೧೮ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಕ್ಷೇಮಕರವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ತಿಳಿಸಿದೆ. ಈ ಕಾರ್ಯಕ್ಕಾಗಿ ಆ ದೇಶಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಬಿಸಿನೀರಿನ ವ್ಯವಸ್ಥೆ. ಬಾಯ್ಲರಿನಲ್ಲಿ ಕಾದ ನೀರು ಕೊಳವೆಗಳ ಮೂಲಕ ಕೋಣೆಕೋಣೆಯ ರೇಡಿಯೇಟರುಗಳಿಗೆ ಹೋಗಿ, ಅಲ್ಲಿ ಶಾಖವನ್ನು ಬಿಟ್ಟು, ತಂಪಾಗಿ ಮತ್ತೆ ಬಾಯ್ಲರಿಗೆ ಮರಳುತ್ತದೆ. ನೀರನ್ನು ಹೀಗೆ ಸುತ್ತಿಸುವ ಸಾಧನವೇ ಪರಿಚಲನ ಪಂಪು.

ಈ ವ್ಯವಸ್ಥೆಯಲ್ಲಿ ಗೃಹಸ್ಥನ ಮುಂದೆ ಎರಡು ಪ್ರಶ್ನೆಗಳು ಬರುತ್ತವೆ. ಪಂಪು ಎಷ್ಟು ದೊಡ್ಡದಿರಬೇಕು? ಮನೆಯನ್ನು ಎಷ್ಟು ವಲಯಗಳಾಗಿ ವಿಭಾಗಿಸಬೇಕು? ಇವಕ್ಕೆ ರೂಢಿಯಲ್ಲಿ ದೊರೆಯುವ ಉತ್ತರ ಬಹು ಸುಲಭವಾದುದು: ಮೂಲೆಯ ಕೋಣೆ ತಣ್ಣಗಿದ್ದರೆ ದೊಡ್ಡ ಪಂಪನ್ನು ಹಾಕು, ಇಂಧನ ಉಳಿಸಬೇಕಾದರೆ ವಲಯಗಳನ್ನು ಹೆಚ್ಚಿಸು. ಇವೆರಡೂ ಅನೇಕ ವೇಳೆ ಉದ್ದೇಶಕ್ಕೆ ವಿರುದ್ಧವಾದ ಫಲವನ್ನು ಕೊಡುತ್ತವೆ ಎಂಬುದನ್ನು ಲೆಕ್ಕದ ಮೂಲಕ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ನಾಡಿನ ಮನೆಗಳಿಗೆ ಇಂಥ ವ್ಯವಸ್ಥೆಯ ಅಗತ್ಯ ಸಾಮಾನ್ಯವಾಗಿ ಇಲ್ಲ. ಆದರೆ ಆ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಅನೇಕರಿದ್ದಾರೆ; ಅಲ್ಲದೆ ಇಲ್ಲಿ ಅಡಗಿರುವ ಭೌತತತ್ತ್ವಗಳು ನಮ್ಮ ವಿದ್ಯಾರ್ಥಿಗಳಿಗೂ ಉಪಯುಕ್ತವಾದವು.

೧. ಪಂಪಿನ ನಿಜವಾದ ಕೆಲಸ

ನಮ್ಮಲ್ಲಿ ಪಂಪು ಎಂದೊಡನೆ ನೆನಪಿಗೆ ಬರುವುದು ಬಾವಿಯ ನೀರನ್ನು ಮಾಳಿಗೆಯ ತೊಟ್ಟಿಗೆ ಏರಿಸುವ ಯಂತ್ರ. ಅಲ್ಲಿ ಪಂಪಿನ ಬಲವನ್ನು ನಿರ್ಣಯಿಸುವುದು ಮುಖ್ಯವಾಗಿ ಎತ್ತರ. ತಾಪನ ವ್ಯವಸ್ಥೆಯ ಸ್ಥಿತಿ ಬೇರೆ. ಅದು ಮುಚ್ಚಿದ ಆವರ್ತ. ಒಂದು ಕೊಳವೆಯಲ್ಲಿ ಮೇಲೇರುವ ನೀರಿನಷ್ಟೇ ನೀರು ಮತ್ತೊಂದು ಕೊಳವೆಯಲ್ಲಿ ಕೆಳಗಿಳಿಯುತ್ತಿರುತ್ತದೆ. ಏರುವ ನೀರಿನ ಭಾರವನ್ನು ಇಳಿಯುವ ನೀರು ಸರಿದೂಗಿಸುತ್ತದೆ. ವ್ಯವಸ್ಥೆಯನ್ನು ಮೊದಲು ತುಂಬುವಾಗ ನೀರನ್ನು ಮೇಲಂತಸ್ತಿಗೆ ಏರಿಸುವುದು ನಲ್ಲಿಯ ಒತ್ತಡ. ತುಂಬಿದ ಬಳಿಕ ಮನೆ ಎರಡಂತಸ್ತಿನದಾಗಿರಲಿ ನಾಲ್ಕಂತಸ್ತಿನದಾಗಿರಲಿ, ಪಂಪು ಎದುರಿಸಬೇಕಾದುದು ಕೊಳವೆ, ತಿರುವು, ಕವಾಟ, ಬಾಯ್ಲರುಗಳಲ್ಲಿ ಉಂಟಾಗುವ ಘರ್ಷಣೆಯನ್ನು ಮಾತ್ರ. ಆದಕಾರಣ ಮನೆಯ ಎತ್ತರವನ್ನು ಅಳೆದು ಅದಕ್ಕೆ ತಕ್ಕ ಪಂಪನ್ನು ಕೊಳ್ಳುವುದು ಮೂಲದಲ್ಲಿಯೇ ತಪ್ಪು.

ಪಂಪಿಲ್ಲದೆಯೂ ಪರಿಚಲನೆ ನಡೆಯಬಲ್ಲುದು. ಬಿಸಿನೀರು ತಣ್ಣೀರಿಗಿಂತ ಹಗುರ. ೮೦ ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಘನಮೀಟರಿಗೆ ಸುಮಾರು ೯೭೧.೮ ಕಿಲೋಗ್ರಾಂ, ೬೦ ಡಿಗ್ರಿಯಲ್ಲಿ ಸುಮಾರು ೯೮೩.೨. ಬಾಯ್ಲರಿಗೂ ರೇಡಿಯೇಟರಿಗೂ ೫ ಮೀಟರ್ ಎತ್ತರದ ಅಂತರವಿದ್ದರೆ, ಈ ವ್ಯತ್ಯಾಸದಿಂದ ಹುಟ್ಟುವ ಚಾಲಕ ಒತ್ತಡ ಸುಮಾರು ೫೬೦ ಪ್ಯಾಸ್ಕಲ್. ಅಂದರೆ ೫೭ ಮಿಲಿಮೀಟರ್ ಎತ್ತರದ ನೀರಿನ ಒತ್ತಡ. ಬೆಂಗಳೂರಿನ ಮನೆಗಳ ಮಾಳಿಗೆಯ ಮೇಲೆ ಕಾಣುವ ಸೌರ ಜಲತಾಪಕಗಳಲ್ಲಿ ಪಂಪಿಲ್ಲದೆ ನೀರು ಸುತ್ತುವುದು ಇದೇ ತತ್ತ್ವದಿಂದ. ಅವುಗಳಲ್ಲಿ ನೀರಿನ ತೊಟ್ಟಿಯನ್ನು ಫಲಕಕ್ಕಿಂತ ಮೇಲೆ ಇರಿಸುವುದಕ್ಕೆ ಕಾರಣವೂ ಇದೇ. ಆದರೆ ಇಷ್ಟು ಅಲ್ಪ ಒತ್ತಡದಿಂದ ಇಡೀ ಮನೆಗೆ ನೀರು ಹರಿಸಬೇಕಾದರೆ ಕೊಳವೆಗಳು ಬಹಳ ದಪ್ಪವಾಗಿರಬೇಕು, ಇಳಿಜಾರು ಸರಿಯಾಗಿರಬೇಕು. ಹಿಂದಿನ ಕಾಲದ ಮನೆಗಳಲ್ಲಿ ಹಾಗೆಯೇ ಇದ್ದಿತು. ೧೯೨೮ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ನಗರದ ವಿಲ್ಹೆಲ್ಮ್ ಓಪ್ಲೆಂಡರ್ ಎಂಬಾತನು ಕೊಳವೆಯ ತಿರುವಿನಲ್ಲಿ ಚಕ್ರವನ್ನಿರಿಸಿ ನೀರಿನ ಸುತ್ತುವಿಕೆಯನ್ನು ಚುರುಕುಗೊಳಿಸುವ ಉಪಕರಣವನ್ನು ನಿರ್ಮಿಸಿದನು. ಅದರಿಂದ ಕೊಳವೆಗಳು ಕಿರಿದಾದುವು. ಬಾಯ್ಲರನ್ನು ನೆಲಮಾಳಿಗೆಯಲ್ಲಿಯೇ ಇಡಬೇಕೆಂಬ ನಿರ್ಬಂಧವೂ ತಪ್ಪಿತು.

೨. ಎಷ್ಟು ನೀರು ಹರಿಯಬೇಕು?

ಪಂಪನ್ನು ಆರಿಸುವುದಕ್ಕೆ ಮುಂಚೆ ತಿಳಿಯಬೇಕಾದುದು ಬಾಯ್ಲರಿನ ಗಾತ್ರವಲ್ಲ, ಮನೆಯ ಶಾಖನಷ್ಟ. ಗೋಡೆ, ಕಿಟಕಿ, ಚಾವಣಿ, ನೆಲಗಳ ಮೂಲಕವೂ ಗಾಳಿಯ ಸಂಚಾರದಿಂದಲೂ ಅತಿ ಚಳಿಯ ದಿನ ಹೊರಹೋಗುವ ಶಾಖವನ್ನು ಕೋಣೆ ಕೋಣೆಗೆ ಲೆಕ್ಕ ಹಾಕಬೇಕು. ಅಷ್ಟು ಶಾಖವನ್ನು ನೀರು ಒಯ್ದು ಕೊಡಬೇಕು. ಒಂದು ಕಿಲೋಗ್ರಾಂ ನೀರು ಒಂದು ಡಿಗ್ರಿ ತಣ್ಣಗಾದರೆ ಬಿಟ್ಟುಕೊಡುವ ಶಾಖ ಸುಮಾರು ೪.೧೯ ಕಿಲೋಜೌಲ್. ಆದುದರಿಂದ ಸೆಕೆಂಡಿಗೆ ಹರಿಯಬೇಕಾದ ನೀರನ್ನು ಕಿಲೋಗ್ರಾಮಿನಲ್ಲಿ ತಿಳಿಯಬೇಕಾದರೆ, ಶಾಖವನ್ನು ಕಿಲೋವಾಟಿನಲ್ಲಿ ಬರೆದು, ಅದನ್ನು ೪.೧೯ರಿಂದಲೂ ಹೋಗುವ ಮತ್ತು ಮರಳುವ ನೀರಿನ ಉಷ್ಣತೆಗಳ ಅಂತರದಿಂದಲೂ ಭಾಗಿಸಬೇಕು. ಅಂತರವು ೨೦ ಡಿಗ್ರಿಯಾದರೆ ಪ್ರತಿ ಕಿಲೋವಾಟಿಗೆ ಗಂಟೆಗೆ ಸುಮಾರು ೪೩ ಲೀಟರ್ ನೀರು ಸಾಕು. ೧೦ ಡಿಗ್ರಿಯಾದರೆ ೮೬ ಲೀಟರ್ ಬೇಕು.

ಉದಾಹರಣೆಗಾಗಿ ಒಂದು ಎರಡಂತಸ್ತಿನ ಮನೆಯನ್ನು ಕಲ್ಪಿಸಿಕೊಳ್ಳೋಣ. ಅತಿ ಚಳಿಯ ದಿನ ಅದರ ಶಾಖನಷ್ಟ ೧೨ ಕಿಲೋವಾಟ್ ಎಂದಿರಲಿ: ಕೆಳ ಅಂತಸ್ತಿಗೆ ೬, ಮೇಲಂತಸ್ತಿಗೆ ೪.೫, ಸೂರಿನ ಕೆಳಗಿನ ಓದುವ ಕೋಣೆಗೆ ೧.೫. ನೀರು ೭೦ ಡಿಗ್ರಿಯಲ್ಲಿ ಹೊರಟು ೫೦ ಡಿಗ್ರಿಯಲ್ಲಿ ಮರಳಲಿ. ಆಗ ಇಡೀ ಮನೆಗೆ ಬೇಕಾದ ಪ್ರವಾಹ ಗಂಟೆಗೆ ಸುಮಾರು ೫೧೬ ಲೀಟರ್. ಸೆಕೆಂಡಿಗೆ ಒಂದು ಲೀಟರಿನ ಏಳನೆಯ ಒಂದು ಭಾಗ ಮಾತ್ರ. ಒಂದು ಮನೆಯನ್ನು ಬೆಚ್ಚಗಿಡಲು ಇಷ್ಟು ಸಣ್ಣ ಧಾರೆ ಸಾಕೆಂಬುದು ಮೊದಲ ನೋಟಕ್ಕೆ ಆಶ್ಚರ್ಯಕರವಾಗಿ ತೋರಬಹುದು. ಶಾಖವನ್ನು ಹೊರುವುದರಲ್ಲಿ ನೀರಿಗಿರುವ ಅಸಾಧಾರಣ ಸಾಮರ್ಥ್ಯವೇ ಇದಕ್ಕೆ ಕಾರಣ.

೩. ಎಷ್ಟು ಒತ್ತಡ ಬೇಕು?

ಎರಡನೆಯ ಹೆಜ್ಜೆ ಘರ್ಷಣೆಯ ಲೆಕ್ಕ. ಬಾಯ್ಲರಿನಿಂದ ಹೊರಟು ಮರಳುವ ಹಾದಿಗಳಲ್ಲಿ ಯಾವುದು ಅತ್ಯಂತ ಕಷ್ಟದ್ದೋ ಅದನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಬೇಕು. ವಲಯಗಳು ಪರಸ್ಪರ ಸಮಾನಾಂತರವಾಗಿರುವುದರಿಂದ ಅವುಗಳ ಪ್ರವಾಹಗಳನ್ನು ಕೂಡಿಸಬೇಕು, ಒತ್ತಡಗಳನ್ನು ಕೂಡಿಸಬಾರದು. ಮೂರು ವಲಯಗಳ ಒತ್ತಡಗಳನ್ನು ಒಟ್ಟುಗೂಡಿಸಿದವನಿಗೆ ಬೇಕಾದುದಕ್ಕಿಂತ ಎರಡು ಮೂರರಷ್ಟು ಬಲದ ಪಂಪು ಅವಶ್ಯವೆಂದು ತೋರುತ್ತದೆ.

ನಮ್ಮ ಉದಾಹರಣೆಯಲ್ಲಿ ಕಷ್ಟತಮ ಹಾದಿಯ ಉದ್ದ ಹೋಗುವುದೂ ಬರುವುದೂ ಸೇರಿ ೪೦ ಮೀಟರ್ ಎಂದಿಟ್ಟುಕೊಳ್ಳೋಣ. ತಿರುವುಗಳಿಗಾಗಿ ಅದರ ಅರ್ಧವನ್ನು ಸೇರಿಸಿದರೆ ೬೦ ಮೀಟರ್. ೨೨ ಮಿಲಿಮೀಟರ್ ವ್ಯಾಸದ ತಾಮ್ರದ ಕೊಳವೆಯಲ್ಲಿ ಈ ಪ್ರವಾಹಕ್ಕೆ ಮೀಟರಿಗೆ ೧೫೦ ಪ್ಯಾಸ್ಕಲ್ ನಷ್ಟವನ್ನು ಹಿಡಿದರೆ ಸಾಕು. ಒಟ್ಟು ೯ ಕಿಲೋಪ್ಯಾಸ್ಕಲ್. ಬಾಯ್ಲರಿನೊಳಗೆ ೧೦, ಕವಾಟಗಳೂ ರೇಡಿಯೇಟರೂ ಸೇರಿ ೬ ಎಂದರೆ ಮೊತ್ತ ೨೫ ಕಿಲೋಪ್ಯಾಸ್ಕಲ್. ಪಂಪುಗಳ ಪಟ್ಟಿಯ ಭಾಷೆಯಲ್ಲಿ ಇದು ಸುಮಾರು ಎರಡೂವರೆ ಮೀಟರಿನ ಹೆಡ್. ನೀರಿಗೆ ಸಲ್ಲಬೇಕಾದ ಯಾಂತ್ರಿಕ ಸಾಮರ್ಥ್ಯವು ಪ್ರವಾಹ ಮತ್ತು ಒತ್ತಡಗಳ ಗುಣಲಬ್ಧ, ಅದು ೩.೬ ವಾಟ್ ಮಾತ್ರ. ಪಂಪಿನ ದಕ್ಷತೆ ನಾಲ್ಕನೆಯ ಒಂದು ಭಾಗವೆಂದು ಎಣಿಸಿದರೂ ೧೫ ವಾಟ್ ವಿದ್ಯುತ್ತು ೧೨,೦೦೦ ವಾಟ್ ಶಾಖವನ್ನು ಮನೆಯಲ್ಲೆಲ್ಲ ಹಂಚಬಲ್ಲುದು.

ಈಗ, ಒಂದು ಕೋಣೆ ತಣ್ಣಗಿದೆಯೆಂದು ಗೃಹಸ್ಥನು ಪ್ರವಾಹವನ್ನು ಇಮ್ಮಡಿಗೊಳಿಸಲು ಯತ್ನಿಸಿದನೆನ್ನೋಣ. ಘರ್ಷಣೆಯು ಪ್ರವಾಹದ ವರ್ಗಕ್ಕೆ ಹೆಚ್ಚುಕಡಿಮೆ ಅನುಪಾತದಲ್ಲಿರುತ್ತದೆ. ಹೀಗಾಗಿ ಒತ್ತಡ ಸುಮಾರು ನಾಲ್ಕರಷ್ಟು, ಎಂದರೆ ೧೦ ಮೀಟರ್, ಆಗಬೇಕು, ಸಾಮರ್ಥ್ಯ ಎಂಟರಷ್ಟಾಗಬೇಕು. ಮನೆಬಳಕೆಯ ಸಾಧಾರಣ ಪಂಪುಗಳ ಮಿತಿಯನ್ನು ಇದು ಮೀರುತ್ತದೆ. ಮೀರಿದರೂ ದೊರೆಯುವ ಲಾಭವೆಷ್ಟು? ಹೊರಡುವ ನೀರು ೭೦ ಡಿಗ್ರಿಯಲ್ಲಿಯೇ ಇದ್ದು ಕೋಣೆ ೨೦ ಡಿಗ್ರಿಯಲ್ಲಿದ್ದರೆ, ರೇಡಿಯೇಟರಿನ ಸರಾಸರಿ ಉಷ್ಣತೆ ೬೦ರಿಂದ ಸುಮಾರು ೬೪ಕ್ಕೆ ಏರುತ್ತದೆ. ಶಾಖದ ಪ್ರಮಾಣ ಶೇಕಡಾ ೧೪ರಷ್ಟು ಮಾತ್ರ ಹೆಚ್ಚುತ್ತದೆ. ಎಂಟರಷ್ಟು ಶ್ರಮಕ್ಕೆ ಶೇಕಡಾ ೧೪ರ ಫಲ!

ನಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ಮರಳುವ ನೀರು ೫೦ ಡಿಗ್ರಿಗೆ ಬದಲು ೫೮ ಡಿಗ್ರಿಯನ್ನು ದಾಟಿ ಬರುತ್ತದೆ. ಇಂದಿನ ಕಂಡೆನ್ಸಿಂಗ್ ಬಾಯ್ಲರುಗಳ ಹೆಚ್ಚಿನ ದಕ್ಷತೆಗೆ ಕಾರಣ, ಅನಿಲ ಉರಿದಾಗ ಹುಟ್ಟುವ ನೀರಾವಿಯನ್ನು ಮತ್ತೆ ನೀರಾಗಿಸಿ ಅದರ ಗುಪ್ತೋಷ್ಣವನ್ನು ಪಡೆಯುವುದು. ಸಹಜಾನಿಲದ ಒಟ್ಟು ದಹನಶಾಖದಲ್ಲಿ ಈ ಭಾಗ ಸುಮಾರು ಹತ್ತನೆಯ ಒಂದು. ಆದರೆ ಹೊಗೆಯಲ್ಲಿರುವ ಆವಿ ನೀರಾಗಬೇಕಾದರೆ ಮರಳುವ ನೀರಿನ ಉಷ್ಣತೆ ಸುಮಾರು ೫೫ ಡಿಗ್ರಿಗಿಂತ ಕಡಿಮೆಯಿರಬೇಕು. ಅತಿವೇಗದ ಪಂಪು ಈ ಮಿತಿಯನ್ನು ಮೀರಿಸಿದಾಗ ಆ ಲಾಭವೆಲ್ಲ ಚಿಮಣಿಯ ಮೂಲಕ ಹೊರಟುಹೋಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸುಗಳಲ್ಲಿ ೨೦೦೫ರಿಂದ ಹೊಸ ಅನಿಲ ಬಾಯ್ಲರುಗಳು ಸಾಮಾನ್ಯವಾಗಿ ಕಂಡೆನ್ಸಿಂಗ್ ಬಗೆಯವೇ ಆಗಿರಬೇಕೆಂಬ ನಿಯಮವಿದೆ. ಇಂಗ್ಲೆಂಡಿನಲ್ಲಿ ೨೦೨೨ರಿಂದ ಹೊಸದಾಗಿ ಅಳವಡಿಸುವ ವ್ಯವಸ್ಥೆಯು ೫೫ ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯ ನೀರಿನಿಂದ ಕೆಲಸಮಾಡುವಂತೆ ರೇಡಿಯೇಟರುಗಳನ್ನು ಗೊತ್ತುಪಡಿಸಬೇಕೆಂಬ ಮಾರ್ಗದರ್ಶನವೂ ಬಂದಿದೆ.

ಹಾಗಾದರೆ ತಣ್ಣನೆಯ ಕೋಣೆಗೆ ಉಪಾಯವೇನು? ಬಹುಮಟ್ಟಿಗೆ ಸಮತೋಲನ. ನೀರು ಸುಲಭದ ಹಾದಿಯನ್ನೇ ಹಿಡಿಯುತ್ತದೆ. ಬಾಯ್ಲರಿಗೆ ಸಮೀಪದ ರೇಡಿಯೇಟರು ತನ್ನ ಪಾಲಿಗಿಂತ ಹೆಚ್ಚು ನೀರನ್ನು ಸೆಳೆದುಕೊಂಡರೆ ದೂರದ್ದಕ್ಕೆ ಉಳಿಯುವುದು ಅಲ್ಪ. ಪ್ರತಿ ರೇಡಿಯೇಟರಿನ ಮರಳುವ ತುದಿಯಲ್ಲಿರುವ ಹೊಂದಾಣಿಕೆಯ ಕವಾಟವನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತ, ಎಲ್ಲ ರೇಡಿಯೇಟರುಗಳಲ್ಲೂ ಉಷ್ಣತೆಯ ಇಳಿತ ಒಂದೇ ಸಮನಾಗುವಂತೆ ಮಾಡಿದರೆ ದೂರದ ಕೋಣೆಯೂ ಬೆಚ್ಚಗಾಗುತ್ತದೆ. ಸಮತೋಲನವಿಲ್ಲದ ವ್ಯವಸ್ಥೆಗೆ ದೊಡ್ಡ ಪಂಪನ್ನು ಜೋಡಿಸಿದರೆ ಹತ್ತಿರದ ರೇಡಿಯೇಟರು ಇನ್ನಷ್ಟು ಕಬಳಿಸುತ್ತದೆ. ಕವಾಟಗಳಲ್ಲಿ ಸದ್ದು ಏಳುವುದೂ ಉಂಟು.

೪. ವಲಯ ವಿಭಜನೆಯ ಎರಡು ವಿಧಾನಗಳು

ಮನೆಯ ಎಲ್ಲ ಭಾಗಗಳಿಗೂ ಎಲ್ಲ ಹೊತ್ತಿನಲ್ಲೂ ಒಂದೇ ಶಾಖ ಬೇಕಾಗಿಲ್ಲ. ಹಗಲಿನಲ್ಲಿ ಮಲಗುವ ಕೋಣೆಗಳು ಬರಿದಾಗಿರುತ್ತವೆ. ದಕ್ಷಿಣಕ್ಕೆ ಮುಖಮಾಡಿದ ಕೋಣೆಗೆ ಬಿಸಿಲು ಬರುತ್ತದೆ. ಆದುದರಿಂದ ಒಂದೊಂದು ಭಾಗಕ್ಕೂ ಪ್ರತ್ಯೇಕ ಥರ್ಮೋಸ್ಟಾಟನ್ನು ಕೊಟ್ಟು ಸ್ವತಂತ್ರವಾಗಿ ನಿಯಂತ್ರಿಸುವುದು ಯುಕ್ತ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶನದಂತೆ ೧೫೦ ಚದರ ಮೀಟರಿಗಿಂತ ದೊಡ್ಡದಾದ ಹೊಸ ಮನೆಗೆ ಕನಿಷ್ಠ ಎರಡು ತಾಪನ ವಲಯಗಳಿರಬೇಕು. ಇದನ್ನು ಸಾಧಿಸಲು ಎರಡು ವಿಧಾನಗಳಿವೆ.

ಮೊದಲನೆಯದು ಒಂದೇ ಪಂಪು, ವಲಯಕ್ಕೊಂದು ವಿದ್ಯುತ್ ಕವಾಟ. ಥರ್ಮೋಸ್ಟಾಟು ಶಾಖವನ್ನು ಬೇಡಿದಾಗ ಆ ವಲಯದ ಕವಾಟ ತೆರೆಯುತ್ತದೆ. ಪೂರ್ತಿ ತೆರೆದ ಮೇಲೆ ಕವಾಟದೊಳಗಿನ ಸ್ವಿಚ್ಚು ಪಂಪನ್ನೂ ಬಾಯ್ಲರನ್ನೂ ಚಾಲೂ ಮಾಡುತ್ತದೆ. ಇದರಲ್ಲಿ ವಿದ್ಯುತ್ತಿನ ವೆಚ್ಚ ಕಡಿಮೆ, ಸ್ಥಳವೂ ಕಡಿಮೆ ಸಾಕು. ಆದರೆ ಪಂಪು ಕೆಟ್ಟರೆ ಇಡೀ ಮನೆ ತಣ್ಣಗಾಗುತ್ತದೆ. ಅಲ್ಲದೆ ಒಂದೇ ವೇಗದ ಪಂಪಾದರೆ, ಎರಡು ವಲಯಗಳು ಮುಚ್ಚಿಕೊಂಡಾಗ ಉಳಿದ ಒಂದರ ಮೇಲೆ ಒತ್ತಡ ಏರಿ ಹರಿವು ಮಿತಿಮೀರುತ್ತದೆ. ಇದನ್ನು ತಡೆಯಲು ಹಿಂದೆ ಒತ್ತಡ ಹೆಚ್ಚಿದಾಗ ತೆರೆದುಕೊಳ್ಳುವ ಬೈಪಾಸ್ ಕವಾಟವನ್ನು ಜೋಡಿಸುತ್ತಿದ್ದರು. ಆದರೆ ಅದು ಬಿಸಿನೀರನ್ನು ನೇರವಾಗಿ ಬಾಯ್ಲರಿಗೆ ಹಿಂದಿರುಗಿಸಿ ಮರಳುವ ಉಷ್ಣತೆಯನ್ನು ಏರಿಸುತ್ತದೆ. ಈಗ ಒತ್ತಡವನ್ನು ತಾನೇ ಗ್ರಹಿಸಿ ವೇಗವನ್ನು ತಗ್ಗಿಸಿಕೊಳ್ಳುವ ಪಂಪುಗಳು ಬಂದಿರುವುದರಿಂದ ಈ ಕಷ್ಟ ಬಹುಪಾಲು ನೀಗಿದೆ.

ಎರಡನೆಯದು ವಲಯಕ್ಕೊಂದು ಪಂಪು. ಒಂದು ಕೆಟ್ಟರೂ ಉಳಿದವು ನಡೆಯುತ್ತವೆ ಎಂಬುದು ಇದರ ದೊಡ್ಡ ಗುಣ. ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುವಷ್ಟು ಚಳಿಯಿರುವ ಕಡೆ ಈ ಗುಣಕ್ಕೆ ಬೆಲೆಯಿದೆ. ಇಲ್ಲಿ ಪ್ರತಿ ವಲಯಕ್ಕೂ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಇರಲೇಬೇಕು. ಇಲ್ಲದಿದ್ದರೆ ಒಂದು ವಲಯದ ಪಂಪು ಮತ್ತೊಂದರಲ್ಲಿ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಪಂಪು ನಿಂತ ವಲಯದಲ್ಲಿಯೂ ಬಿಸಿನೀರು ಹಗುರವಾಗಿ ತಾನಾಗಿಯೇ ಮೇಲೇರಿ ಬೇಡದ ಕೋಣೆಯನ್ನು ಕಾಯಿಸುತ್ತದೆ. ಇದರ ಮುಖ್ಯ ದೋಷ ಗಾತ್ರದ್ದು. ನಮ್ಮ ಉದಾಹರಣೆಯ ಓದುವ ಕೋಣೆಗೆ ಬೇಕಾದುದು ಗಂಟೆಗೆ ಸುಮಾರು ೬೫ ಲೀಟರ್. ಅಷ್ಟು ಅಲ್ಪ ಹರಿವಿಗೆ ಮಾರುಕಟ್ಟೆಯ ಅತಿ ಸಣ್ಣ ಪಂಪೂ ಅತಿದೊಡ್ಡದೇ. ಆದಕಾರಣ ಸಣ್ಣ ವಲಯಗಳಿರುವ ಮನೆಗೆ ಕವಾಟಗಳೂ, ಕೆಲವೇ ದೊಡ್ಡ ವಲಯಗಳಿರುವ ಮನೆಗೆ ಪ್ರತ್ಯೇಕ ಪಂಪುಗಳೂ ಒಪ್ಪುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಒಂದು ಸಂದರ್ಭದಲ್ಲಿ ಮಾತ್ರ ಪ್ರತ್ಯೇಕ ಪಂಪು ಅನಿವಾರ್ಯವೆನ್ನಬಹುದು. ನೆಲದಡಿಯ ಕೊಳವೆಗಳಿಂದ ಕಾಯಿಸುವ ವಲಯಕ್ಕೆ ೩೫ರಿಂದ ೪೫ ಡಿಗ್ರಿಯ ನೀರು ಸಾಕು. ಯೂರೋಪಿನ ಮಾನಕದಂತೆ ಜನರು ಓಡಾಡುವ ನೆಲದ ಮೇಲ್ಮೈ ೨೯ ಡಿಗ್ರಿಯನ್ನು ಮೀರಕೂಡದು. ರೇಡಿಯೇಟರುಗಳಿಗೆ ೭೦ ಡಿಗ್ರಿಯ ನೀರನ್ನು ಕಳುಹಿಸುವ ಬಾಯ್ಲರಿನಿಂದಲೇ ಇದನ್ನೂ ನಡೆಸಬೇಕಾದರೆ, ಮರಳುವ ನೀರನ್ನು ಬೆರೆಸಿ ತಂಪುಗೊಳಿಸುವ ಮಿಶ್ರಣ ಕವಾಟವೂ ಅದರ ಮುಂದೆ ಬೇರೆ ಪಂಪೂ ಬೇಕಾಗುತ್ತವೆ.

೫. ಅತಿವಿಭಜನೆಯ ಅಪಾಯ

ವಲಯಗಳು ಹೆಚ್ಚಿದಷ್ಟೂ ಉಳಿತಾಯ ಹೆಚ್ಚೆಂಬ ನಂಬಿಕೆಗೆ ಒಂದು ಎಲ್ಲೆಯಿದೆ. ಬಾಯ್ಲರಿನ ಉರಿಯನ್ನು ಒಂದು ಮಿತಿಗಿಂತ ಕಡಿಮೆ ಮಾಡಲಾಗುವುದಿಲ್ಲ. ೨೪ ಕಿಲೋವಾಟಿನ ಬಾಯ್ಲರಿನ ಕನಿಷ್ಠ ಉರಿ ೫ ಕಿಲೋವಾಟ್ ಎಂದಿರಲಿ. ಓದುವ ಕೋಣೆಯೊಂದೇ ೧.೫ ಕಿಲೋವಾಟನ್ನು ಬೇಡುತ್ತಿರುವಾಗ ಉಳಿದ ೩.೫ ಕಿಲೋವಾಟಿಗೆ ಹೋಗಲು ಎಡೆಯಿಲ್ಲ. ನೀರು ಬೇಗನೆ ಕಾದು ಬಾಯ್ಲರು ಆರುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಹೊತ್ತಿಕೊಳ್ಳುತ್ತದೆ. ಹೀಗೆ ಗಂಟೆಗೆ ಹತ್ತಾರು ಬಾರಿ ಹೊತ್ತಿ ಆರುವುದರಿಂದ ಇಂಧನ ವ್ಯರ್ಥವಾಗುವುದಲ್ಲದೆ ಹೊತ್ತಿಸುವ ಭಾಗಗಳ ಆಯುಸ್ಸೂ ಕುಗ್ಗುತ್ತದೆ.

ಇದಕ್ಕೆ ಪರಿಹಾರಗಳು ಮೂರು. ಮನೆಯ ಶಾಖನಷ್ಟಕ್ಕೆ ಸರಿಹೊಂದುವ ಚಿಕ್ಕ ಬಾಯ್ಲರನ್ನು ಆರಿಸುವುದು ಮೊದಲನೆಯದು. ಸಣ್ಣ ಕೋಣೆಯನ್ನು ಪ್ರತ್ಯೇಕ ವಲಯವಾಗಿಸದೆ ದೊಡ್ಡದೊಂದಕ್ಕೆ ಸೇರಿಸಿ, ಅದರ ರೇಡಿಯೇಟರಿಗೆ ಸ್ವಯಂಚಾಲಿತ ಉಷ್ಣಕವಾಟವನ್ನು ಕೊಡುವುದು ಎರಡನೆಯದು. ಡೆನ್ಮಾರ್ಕಿನ ಮ್ಯಾಡ್ಸ್ ಕ್ಲಾಸೆನ್ ೧೯೪೩ರಲ್ಲಿ ರೂಪಿಸಿದ ಈ ಕವಾಟ ವಿದ್ಯುತ್ತಿನ ಸಹಾಯವಿಲ್ಲದೆಯೇ ಕೋಣೆಯ ಉಷ್ಣತೆಗನುಗುಣವಾಗಿ ಹರಿವನ್ನು ತಿದ್ದುತ್ತದೆ. ಮೂರನೆಯದು ನಡುವೆ ಒಂದು ಸಂಗ್ರಹ ತೊಟ್ಟಿಯನ್ನಿಡುವುದು. ಬಾಯ್ಲರು ಒಮ್ಮೆ ಹೊತ್ತಿದರೆ ಕನಿಷ್ಠ ೧೦ ನಿಮಿಷ ಉರಿಯಬೇಕು, ತೊಟ್ಟಿಯ ನೀರು ಅಷ್ಟರಲ್ಲಿ ೧೦ ಡಿಗ್ರಿ ಏರಬಹುದು ಎಂದಾದರೆ, ಮೇಲಿನ ಲೆಕ್ಕಕ್ಕೆ ಸುಮಾರು ೫೦ ಲೀಟರಿನ ತೊಟ್ಟಿ ಸಾಕು. ಮೊದಲೆರಡು ಪರಿಹಾರಗಳು ಸಾಧ್ಯವಿರುವಾಗ ಮೂರನೆಯದಕ್ಕೆ ಹಣ ವ್ಯಯಿಸುವುದು ಅನವಶ್ಯಕ.

೬. ಪಂಪಿನ ಸ್ಥಾನ ಮತ್ತು ಬಗೆ

ನೀರು ೧೦ ಡಿಗ್ರಿಯಿಂದ ೮೦ ಡಿಗ್ರಿಗೆ ಕಾದಾಗ ಅದರ ಗಾತ್ರ ಸುಮಾರು ಶೇಕಡಾ ೩ರಷ್ಟು ಹಿಗ್ಗುತ್ತದೆ. ಈ ಹಿಗ್ಗುವಿಕೆಗೆ ಎಡೆಗೊಡಲು ವ್ಯಾಕೋಚನ ಪಾತ್ರೆಯೊಂದನ್ನು ಜೋಡಿಸಿರುತ್ತಾರೆ. ಆ ಪಾತ್ರೆ ಸೇರುವ ಸ್ಥಳದಲ್ಲಿ ಪಂಪು ನಡೆಯಲಿ, ನಿಲ್ಲಲಿ, ಒತ್ತಡ ಬದಲಾಗುವುದಿಲ್ಲ. ಪಂಪಿನ ಸೆಳೆಯುವ ಬಾಯಿ ಈ ಸ್ಥಳದ ಸಮೀಪದಲ್ಲಿದ್ದರೆ ಪಂಪು ಉಂಟುಮಾಡುವ ಒತ್ತಡವೆಲ್ಲ ವ್ಯವಸ್ಥೆಯ ಒತ್ತಡಕ್ಕೆ ಕೂಡಿಕೊಳ್ಳುತ್ತದೆ. ತದ್ವಿರುದ್ಧವಾಗಿ ಪಂಪು ಪಾತ್ರೆಯ ಕಡೆಗೆ ನೀರನ್ನು ತಳ್ಳುವಂತಿದ್ದರೆ, ಸೆಳೆಯುವ ಬದಿಯಲ್ಲಿ ಒತ್ತಡ ಕುಸಿದು, ನೀರಿನಲ್ಲಿ ಕರಗಿದ ಗಾಳಿ ಬೇರ್ಪಟ್ಟು ಗುಳ್ಳೆಗಳಾಗುತ್ತದೆ. ಮೇಲಂತಸ್ತಿನ ರೇಡಿಯೇಟರುಗಳಲ್ಲಿ ಪದೇ ಪದೇ ಗಾಳಿ ತುಂಬುವುದಕ್ಕೆ ಇದು ಒಂದು ಕಾರಣ.

ಪಂಪಿನ ಬಗೆಯ ವಿಷಯದಲ್ಲಿ ಈಗ ಹೆಚ್ಚು ಚರ್ಚೆಗೆ ಅವಕಾಶವಿಲ್ಲ. ಪಂಪಿನ ಪ್ರವಾಹ ವೇಗಕ್ಕೂ, ಒತ್ತಡ ವೇಗದ ವರ್ಗಕ್ಕೂ, ಸಾಮರ್ಥ್ಯ ವೇಗದ ಘನಕ್ಕೂ ಅನುಪಾತದಲ್ಲಿರುವುದರಿಂದ, ಬೇಡಿಕೆ ಕಡಿಮೆಯಾದಾಗ ವೇಗವನ್ನು ತಗ್ಗಿಸುವ ಪಂಪು ಬಹಳಷ್ಟು ವಿದ್ಯುತ್ತನ್ನು ಉಳಿಸುತ್ತದೆ. ೮೦ ವಾಟಿನ ಹಳೆಯ ಪಂಪು ಚಳಿಗಾಲದಲ್ಲಿ ೫,೦೦೦ ಗಂಟೆ ನಡೆದರೆ ೪೦೦ ಯೂನಿಟ್ ಖರ್ಚಾಗುತ್ತದೆ. ಸರಾಸರಿ ೧೫ ವಾಟಿನ ಹೊಸ ಪಂಪಿಗೆ ೭೫ ಯೂನಿಟ್ ಸಾಕು. ಯೂರೋಪಿಯನ್ ಆಯೋಗವು ೨೦೦೯ರಲ್ಲಿ ಹೊರಡಿಸಿದ ನಿಯಮದಂತೆ ೨೦೧೩ರಿಂದ ಇಂಥ ಪಂಪುಗಳ ಶಕ್ತಿದಕ್ಷತಾ ಸೂಚ್ಯಂಕ ೦.೨೭ನ್ನೂ, ೨೦೧೫ರ ಆಗಸ್ಟಿನಿಂದ ೦.೨೩ನ್ನೂ ಮೀರುವಂತಿಲ್ಲ. ಗೋಡೆಗೆ ತೂಗುಹಾಕುವ ಅನೇಕ ಬಾಯ್ಲರುಗಳಲ್ಲಿ ಪಂಪು ಒಳಗೇ ಇರುತ್ತದೆ. ಅಂಥಲ್ಲಿ ಬಾಯ್ಲರಿನ ಆಂತರಿಕ ಘರ್ಷಣೆ ಕಳೆದು ಹೊರಗಿನ ಹಾದಿಗೆ ಎಷ್ಟು ಒತ್ತಡ ಉಳಿಯುತ್ತದೆಂಬುದನ್ನು ತಯಾರಕರ ನಕ್ಷೆಯಲ್ಲಿ ನೋಡಿಕೊಂಡರೆ ಸಾಕು.

ಮೇಲ್ಕಂಡ ವಿವೇಚನೆಯಿಂದ ಅನುಸರಿಸಬೇಕಾದ ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಕೋಣೆವಾರು ಶಾಖನಷ್ಟ; ಅದರಿಂದ ಪ್ರವಾಹ; ಕಷ್ಟತಮ ಹಾದಿಯಿಂದ ಒತ್ತಡ; ಈ ಎರಡು ಅಂಕಿಗಳು ಪಂಪಿನ ವಕ್ರರೇಖೆಯ ಮಧ್ಯಭಾಗದಲ್ಲಿ ಸಂಧಿಸುವಂತೆ ಪಂಪು; ಬಾಯ್ಲರಿನ ಕನಿಷ್ಠ ಉರಿಗೆ ಹೊಂದುವಷ್ಟು ವಲಯಗಳು; ಕೊನೆಯಲ್ಲಿ ಸಮತೋಲನ. ಇವುಗಳಲ್ಲಿ ಹೆಚ್ಚಿನ ಹಣ ಬೇಡುವ ಹೆಜ್ಜೆಗಳು ಕಡಿಮೆ, ಹೆಚ್ಚಿನ ಗಮನ ಬೇಡುವ ಹೆಜ್ಜೆಗಳೇ ಅಧಿಕ. ವೃದ್ಧರೂ ಶಿಶುಗಳೂ ಇರುವ ಮನೆಯಲ್ಲಿ ಮೂಲೆಯ ಕೋಣೆಯೊಂದು ತಣ್ಣಗೆ ಉಳಿಯುವುದು ಎಷ್ಟೋ ವೇಳೆ ಬಲದ ಕೊರತೆಯಿಂದಲ್ಲ, ಲೆಕ್ಕದ ಕೊರತೆಯಿಂದ. ದೊಡ್ಡ ಪಂಪನ್ನು ಕೊಳ್ಳುವುದಕ್ಕೆ ಮುಂಚೆ ಒಂದು ಸಂಜೆಯನ್ನು ಕಾಗದ, ಲೇಖನಿ, ಉಷ್ಣಮಾಪಕಗಳೊಡನೆ ಕಳೆಯುವುದು ಲಾಭದಾಯಕವೆಂದು ನಾವು ಭಾವಿಸುತ್ತೇವೆ.